ಬೀಜಧನ ಯಾರದು, ಬೆಳೆ ಯಾರದು?

2025ರ ಮೇ ತಿಂಗಳ ಮೊದಲ ದಿನ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಂದು ಪ್ರಕಟಣೆಯನ್ನು ಹೊರಡಿಸಿತು. ಅಲ್ಲಿನ ವಿಶ್ವವಿದ್ಯಾನಿಲಯಗಳು ತಾವು ಪಡೆದ ಸಂಶೋಧನಾ ಅನುದಾನದಲ್ಲಿ ಒಂದು ಪಾಲನ್ನು ಹೊರದೇಶಗಳ ಸಹಯೋಗಿ ಸಂಸ್ಥೆಗಳಿಗೆ ಹಂಚಿಕೊಡುವ ಪದ್ಧತಿಯನ್ನು, ಹೊಸ ವ್ಯವಸ್ಥೆಯೊಂದು ರೂಪುಗೊಳ್ಳುವವರೆಗೆ ನಿಲ್ಲಿಸಲಾಗುವುದೆಂಬುದು ಅದರ ಸಾರಾಂಶ. ಅದೇ ವರ್ಷದ ಜುಲೈ 1ರಂದು ಯುಎಸ್‌ಏಡ್ ಎಂಬ ನೆರವಿನ ಸಂಸ್ಥೆಯ ಬಾಗಿಲೇ ಮುಚ್ಚಿತು. ನಮ್ಮಲ್ಲಿ ಅನೇಕರು ಇವನ್ನು ಅಮೆರಿಕದ ಒಳರಾಜಕೀಯದ ಸುದ್ದಿಗಳೆಂದು ಓದಿ ಪುಟ ಮಗುಚಿದರು. ಆದರೆ ಈ ಸುದ್ದಿಗಳಿಗೂ ನಮ್ಮ ಮಕ್ಕಳ ವಾಂತಿಭೇದಿಗೂ, ಮಲೆನಾಡಿನ ಮಂಗನ ಕಾಯಿಲೆಗೂ ನೇರವಾದ ಸಂಬಂಧವಿದೆ. ಆ ಸಂಬಂಧವನ್ನು ಬಿಡಿಸಿ ಹೇಳಿ, ನಮ್ಮ ವಿಶ್ವವಿದ್ಯಾನಿಲಯಗಳು ಈಗ ಮಾಡಬೇಕಾದ ಒಂದು ಕೆಲಸದತ್ತ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ಆರೋಗ್ಯ ಸಂಶೋಧನೆಯ ಲೋಕದಲ್ಲಿ ಬೀಜಧನವೆಂಬ ಮಾತೊಂದಿದೆ. ಇದು ದೊಡ್ಡ ಮೊತ್ತವಲ್ಲ. ವಿಶ್ವವಿದ್ಯಾನಿಲಯವೊಂದು ತನ್ನ ಅಧ್ಯಾಪಕರಿಗೆ, ಬೇರೊಂದು ದೇಶದ ಅಥವಾ ಬೇರೊಂದು ಶಾಸ್ತ್ರದ ಸಹೋದ್ಯೋಗಿಯ ಜೊತೆಗೂಡಿ ಒಂದು ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ಒಂದೆರಡು ವರ್ಷಗಳ ಅವಧಿಗೆ ಕೊಡುವ ಸಣ್ಣ ಹಣ ಅದು. ಪ್ರವಾಸದ ಖರ್ಚು, ನೀತಿ ಸಮಿತಿಯ ಒಪ್ಪಿಗೆ ಪಡೆಯುವ ಕೆಲಸ, ರಕ್ತದ ಮಾದರಿಗಳನ್ನು ಕೆಡದಂತೆ ಇರಿಸುವ ಶೀತಲ ಪೆಟ್ಟಿಗೆ, ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಮಾತನಾಡಿಸುವ ಕಾರ್ಯಕರ್ತೆಯ ಸಂಬಳ, ಇಂಥವುಗಳಿಗೆ ಅದು ವಿನಿಯೋಗವಾಗುತ್ತದೆ. ದೊಡ್ಡ ಅನುದಾನ ಕೊಡುವವರು ಮೊದಲು ಪ್ರಾಥಮಿಕ ಫಲಿತಾಂಶವನ್ನು ತೋರಿಸಿ ಎನ್ನುತ್ತಾರೆ. ಅನುದಾನವಿಲ್ಲದೆ ಪ್ರಾಥಮಿಕ ಫಲಿತಾಂಶ ದೊರೆಯುವುದಿಲ್ಲ. ಈ ಬಿಕ್ಕಟ್ಟನ್ನು ಬಿಡಿಸುವುದೇ ಬೀಜಧನದ ಕೆಲಸ. ಎಂಥ ಬರಗಾಲದಲ್ಲಿಯೂ ಒಕ್ಕಲಿಗನ ಮನೆಯಲ್ಲಿ ಬಿತ್ತನೆಯ ಕಾಳಿನ ಗಡಿಗೆಗೆ ಕೈಹಾಕುವುದಿಲ್ಲ. ನಮ್ಮ ವಿದ್ಯಾಸಂಸ್ಥೆಗಳಲ್ಲಿ ಹಣದ ಮುಗ್ಗಟ್ಟು ಬಂದಾಗ ಮೊದಲು ಬರಿದಾಗುವುದು ಆ ಗಡಿಗೆಯೇ ಎಂಬುದು ವಿಷಾದದ ಸಂಗತಿ.

ಒಂದು ಸಣ್ಣ ಪ್ರಶ್ನೆ ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ರೋಟಾವೈರಸ್ ಲಸಿಕೆಯ ಕಥೆಗಿಂತ ಒಳ್ಳೆಯ ನಿದರ್ಶನ ನಮ್ಮ ದೇಶದಲ್ಲಿ ದೊರೆಯುವುದು ಕಷ್ಟ. ರೋಟಾವೈರಸ್ ಎಂಬುದು ಎಳೆಯ ಮಕ್ಕಳಲ್ಲಿ ತೀವ್ರ ವಾಂತಿಭೇದಿಯನ್ನುಂಟುಮಾಡುವ ರೋಗಾಣು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು 1973ರಲ್ಲಿ ಇದನ್ನು ಗುರುತಿಸಿದರು. ಭಾರತದಲ್ಲಿ ಈ ಒಂದೇ ರೋಗಾಣುವಿನಿಂದ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 78 ಸಾವಿರ ಮಕ್ಕಳು ಸಾಯುತ್ತಿದ್ದರೆಂದು 2014ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಸಾಯುತ್ತಿದ್ದವರು ಬಹುಪಾಲು ಬಡವರ ಮಕ್ಕಳು. ರಾತ್ರಿ ಭೇದಿ ಆರಂಭವಾದರೆ ಬೆಳಗಿನ ಬಸ್ಸು ಬರುವವರೆಗೆ ಆಸ್ಪತ್ರೆಗೆ ದಾರಿಯಿಲ್ಲದ ಊರುಗಳ ಮಕ್ಕಳು.

1980ರ ದಶಕದ ನಡುವಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಕ್ಕಳ ವೈದ್ಯ ಡಾ. ಎಂ. ಕೆ. ಭಾನ್ ಮತ್ತು ಅವರ ಸಹೋದ್ಯೋಗಿಗಳು ಒಂದು ವಿಚಿತ್ರವನ್ನು ಕಂಡರು. ನವಜಾತ ಶಿಶುಗಳ ವಾರ್ಡಿನಲ್ಲಿ ಕೆಲವು ಕೂಸುಗಳ ಮಲದಲ್ಲಿ ರೋಟಾವೈರಸ್ ಇತ್ತು. ಆದರೆ ಅವುಗಳಿಗೆ ಭೇದಿ ಇರಲಿಲ್ಲ. ಮುಂದೆ ಆ ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ, ಉಳಿದ ಮಕ್ಕಳಿಗಿಂತ ಅವರಲ್ಲಿ ರೋಟಾವೈರಸ್ ಭೇದಿ ಕಡಿಮೆ ಕಂಡಿತು. ಪ್ರಕೃತಿಯೇ ಲಸಿಕೆ ಹಾಕಿದಂತಿತ್ತು. ಆ ವೈರಸ್ಸಿನ ತಳಿಗೆ 116ಇ ಎಂದು ಹೆಸರಾಯಿತು. ಬೆಂಗಳೂರಿನ ನವಜಾತ ಶಿಶುಗಳಲ್ಲಿಯೂ ಇಂಥದೇ ನಿರುಪದ್ರವಿ ತಳಿಯೊಂದು ದೊರೆಯಿತು. ಭಾರತೀಯ ವಿಜ್ಞಾನ ಮಂದಿರದ ಸೂಕ್ಷ್ಮಜೀವಿ ವಿಭಾಗದ ಸಿ. ದುರ್ಗಾ ರಾವ್ ಅವರ ಪ್ರಯೋಗಾಲಯದಲ್ಲಿ ಅದರ ಅಧ್ಯಯನ ನಡೆದು ಐ321 ಎಂಬ ಹೆಸರು ಬಂದಿತು. 1987ರಲ್ಲಿ ಸಹಿಯಾದ ಭಾರತ–ಅಮೆರಿಕ ಲಸಿಕಾ ಕಾರ್ಯಯೋಜನೆಯ ಅಡಿಯಲ್ಲಿ ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆಯೂ ಅಮೆರಿಕದ ಆರೋಗ್ಯ ಸಂಸ್ಥೆಯೂ ಈ ಕೆಲಸಕ್ಕೆ ಕೈಗೂಡಿಸಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹ್ಯಾರಿ ಗ್ರೀನ್‌ಬರ್ಗ್, ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ರೋಜರ್ ಗ್ಲಾಸ್ ಮೊದಲಾದವರು ಜೊತೆಯಾದರು.

ಬಳಿಕ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ತಯಾರಿಕೆಯ ಹೊಣೆ ಹೊತ್ತಿತು. ದೆಹಲಿ, ಪುಣೆ ಮತ್ತು ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ಕೊನೆಯ ಹಂತದ ಪರೀಕ್ಷೆ ನಡೆಯಿತು. ತೀವ್ರ ರೋಟಾವೈರಸ್ ಭೇದಿಯನ್ನು ಲಸಿಕೆ ಮೊದಲ ವರ್ಷದಲ್ಲಿ ಶೇಕಡಾ 56ರಷ್ಟು ತಡೆಯುತ್ತದೆಂದು 2014ರಲ್ಲಿ ಪ್ರಕಟವಾಯಿತು. ಆ ವರ್ಷದ ಜನವರಿಯಲ್ಲಿ ಪರವಾನಗಿ ದೊರೆತು, 2016ರಲ್ಲಿ ಆಂಧ್ರ ಪ್ರದೇಶ, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾ ಈ ನಾಲ್ಕು ರಾಜ್ಯಗಳಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಸರ್ಕಾರಗಳಿಗೆ ಒಂದು ಡೋಸನ್ನು ಒಂದು ಡಾಲರಿಗೆ ಕೊಡುವುದಾಗಿ ತಯಾರಕರು ಮೊದಲೇ ಮಾತುಕೊಟ್ಟಿದ್ದರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯೂ ದೊರೆತು, ಇತರ ಬಡ ದೇಶಗಳಿಗೂ ಇದರ ದಾರಿ ತೆರೆಯಿತು. ಮೊದಲ ಅವಲೋಕನದಿಂದ ಅಂಗನವಾಡಿಯ ಹನಿಯವರೆಗೆ ಸುಮಾರು ಮೂವತ್ತು ವರ್ಷ ಹಿಡಿಯಿತು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಅಧ್ಯಾಯವಿದೆ. ಬೆಂಗಳೂರಿನ ತಳಿ ಏನಾಯಿತು? ಎರಡು ತಳಿಗಳನ್ನೂ ಮೊದಲ ಹಂತದಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿದಾಗ ದೆಹಲಿಯ ತಳಿ ಉತ್ತಮ ರೋಗನಿರೋಧಕ ಪ್ರತಿಕ್ರಿಯೆಯನ್ನು ತೋರಿತು. ಬಹುಪಾಲು ದನದ ವೈರಸ್ಸಿನ ವಂಶವಾಹಿಗಳನ್ನೇ ಹೊಂದಿದ್ದ ಬೆಂಗಳೂರಿನ ತಳಿ ಹಿಂದೆ ಬಿದ್ದಿತು; ಅದು ಲಸಿಕೆಯಾಗಲಿಲ್ಲ. ಹಾಗಾದರೆ ಬೆಂಗಳೂರಿನಲ್ಲಿ ಮಾಡಿದ ವೆಚ್ಚ ವ್ಯರ್ಥವೇ? ಯಾವ ತಳಿ ಮೊಳೆಯುತ್ತದೆಂಬುದು 1990ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಎರಡನ್ನೂ ಬಿತ್ತಿದ್ದರಿಂದಲೇ ಒಂದನ್ನು ಆರಿಸಲು ಸಾಧ್ಯವಾಯಿತು. ಮನುಷ್ಯರಿಗೂ ದನಗಳಿಗೂ ನಡುವೆ ವೈರಸ್ಸುಗಳು ಹೇಗೆ ಬೆರೆಯುತ್ತವೆಂಬ ತಿಳಿವಳಿಕೆ ಬೆಂಗಳೂರಿನ ಕೆಲಸದಿಂದ ಬೆಳೆಯಿತು.

ಕೇಂದ್ರ ಸರ್ಕಾರದ ಸೇವೆಯಲ್ಲಿ ಅನುದಾನದ ಕಡತಗಳ ನಡುವೆ ಬಹುಕಾಲ ಕಳೆದವನಾಗಿ ಇಲ್ಲಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ನಮ್ಮ ಲೆಕ್ಕಪತ್ರದ ಭಾಷೆಯಲ್ಲಿ ಬೆಂಗಳೂರಿನ ತಳಿಗೆ ಗೌರವದ ಸ್ಥಾನವಿಲ್ಲ. ಸಾಮಾನ್ಯ ಹಣಕಾಸು ನಿಯಮಾವಳಿ, 2017ರ 12-ಎ ನಮೂನೆಯ ಹಣಬಳಕೆ ಪ್ರಮಾಣಪತ್ರ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು, ಉದ್ದೇಶ ಈಡೇರಿತೇ ಎಂದು ಕೇಳುತ್ತದೆ. ಸಾರ್ವಜನಿಕರ ಹಣಕ್ಕೆ ಈ ಪ್ರಶ್ನೆಗಳು ಬೇಕೇ ಬೇಕು. ನಾನು ಅವುಗಳ ವಿರೋಧಿಯಲ್ಲ. ಸೇತುವೆ ಕಟ್ಟಲು ಕೊಟ್ಟ ಹಣಕ್ಕೆ ಸೇತುವೆಯನ್ನೇ ತೋರಿಸಬೇಕು. ಆದರೆ ಈ ಹೊಳೆಗೆ ಇಲ್ಲಿ ಸೇತುವೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು ಕೊಟ್ಟ ಹಣಕ್ಕೆ, ನಿಲ್ಲುವುದಿಲ್ಲ ಎಂಬ ಉತ್ತರವೂ ಪೂರ್ಣ ಫಲವೇ. ಈ ವ್ಯತ್ಯಾಸವನ್ನು ನಮ್ಮ ನಮೂನೆಗಳು ಗುರುತಿಸುವುದಿಲ್ಲ. ನಿಷ್ಫಲ ವೆಚ್ಚವೆಂಬ ಆಕ್ಷೇಪಣೆಗೆ ಹೆದರುವ ವಿಶ್ವವಿದ್ಯಾನಿಲಯ ಫಲಿತಾಂಶ ಮೊದಲೇ ಗೊತ್ತಿರುವ ಸಂಶೋಧನೆಗೆ ಮಾತ್ರ ಹಣ ಕೊಡುತ್ತದೆ. ಮಾರ್ಚ್ 31ರೊಳಗೆ ಮುಗಿಯಬೇಕಾದ ಹಣ ಕೊನೆಯ ವಾರದಲ್ಲಿ ಕಂಪ್ಯೂಟರುಗಳಾಗಿ, ವಿಚಾರ ಸಂಕಿರಣದ ಚೀಲಗಳಾಗಿ, ಶಾಲು ಸ್ಮರಣಿಕೆಗಳಾಗಿ ಕರಗುತ್ತದೆ. ಸೋಂಕು ರೋಗಗಳಿಗಾದರೋ ಆರ್ಥಿಕ ವರ್ಷದ ಪರಿಚಯವೇ ಇಲ್ಲ.

ಮಂಗನ ಕಾಯಿಲೆಯ ಇತಿಹಾಸ ಇದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 1952ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಕೂಡಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವು. ಕೀಟಗಳು ಹರಡುವ ವೈರಸ್ಸುಗಳನ್ನು ಜಗತ್ತಿನಾದ್ಯಂತ ಹುಡುಕುವುದು ಆ ಪ್ರತಿಷ್ಠಾನದ ಅಂದಿನ ಆಸಕ್ತಿಯಾಗಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಜನ ಜ್ವರದಿಂದ ನರಳಿದಾಗ, ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಆತಂಕದಿಂದ ಪುಣೆಯ ವಿಜ್ಞಾನಿಗಳು ಧಾವಿಸಿದರು. ಅದು ಹಳದಿ ಜ್ವರವಾಗಿರಲಿಲ್ಲ. ಉಣುಗುಗಳು ಹರಡುವ ಹೊಸದೊಂದು ವೈರಸ್ ಆಗಿತ್ತು. ಬೀಜಧನ ಮೊದಲೇ ಬಿದ್ದಿದ್ದರಿಂದ, ಪ್ರಯೋಗಾಲಯವೂ ತರಬೇತಾದ ಜನರೂ ಸಿದ್ಧವಿದ್ದುದರಿಂದ, ರೋಗಾಣು ಬೇಗನೆ ಸಿಕ್ಕಿತು. ಇಷ್ಟರ ಮಟ್ಟಿಗೆ ಅದು ಸಹಯೋಗದ ಹಿರಿಮೆ.

ಮುಂದಿನದು ಬೇರೆಯ ಕಥೆ. ಹೊರಗಿನವರ ಆಸಕ್ತಿ ಕಾಲಕ್ರಮದಲ್ಲಿ ಬೇರೆಡೆಗೆ ತಿರುಗಿತು. ಇದು ಶ್ರೀಮಂತ ದೇಶಗಳ ಪ್ರವಾಸಿಗರಿಗೆ ತಗಲುವ ರೋಗವಲ್ಲ. ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೆ ತಗಲುವ ರೋಗ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಬಗೆಯ ಲಸಿಕೆಯನ್ನೇ ದಶಕಗಳ ಕಾಲ ನೆಚ್ಚಿಕೊಂಡಿದ್ದೆವು. ಅದರ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ರೋಗವು ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳವರೆಗೆ ಹಬ್ಬಿತ್ತು. ಹೊಸ ಲಸಿಕೆಯ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯ ಜೊತೆ ಕೈಗೊಂಡಿರುವುದು ಸಮಾಧಾನದ ವಿಷಯ. ಆದರೂ ರೋಗ ಪತ್ತೆಯಾಗಿ ಆರೂವರೆ ದಶಕಗಳ ಬಳಿಕವೂ ಮಲೆನಾಡಿನವರ ಕೈಯಲ್ಲಿ ನೆಚ್ಚಬಹುದಾದ ಲಸಿಕೆ ಇರಲಿಲ್ಲವೆಂಬುದು ಯಾರ ಲೆಕ್ಕಕ್ಕೆ ಸೇರಬೇಕು? ಬೀಜ ಯಾರದೋ, ಯಾವ ಬೆಳೆ ಎಷ್ಟು ಕಾಲ ಬೆಳೆಯಬೇಕೆಂಬ ನಿರ್ಧಾರವೂ ಅವರದೇ ಎಂಬ ಪಾಠ ಇದರಲ್ಲಿದೆ.

ಹಾಗೆಂದು ಹೊರಗಿನ ಹಣವನ್ನೇ ಶಂಕಿಸುವುದು ದಾರಿಯಲ್ಲ. ಆ ದಾರಿಯನ್ನೂ ನಾವು ನಡೆದು ನೋಡಿದ್ದೇವೆ. 1969ರ ಸುಮಾರಿಗೆ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ, ಅಮೆರಿಕದ ಹಣದಿಂದ, ಸೊಳ್ಳೆಗಳ ವಂಶ ನಿಯಂತ್ರಣದ ಘಟಕವೊಂದು ಆರಂಭವಾಗಿತ್ತು. ಅದರ ಉದ್ದೇಶಗಳ ಬಗ್ಗೆ ಪತ್ರಿಕೆಗಳಲ್ಲಿ ಸಂಶಯವೆದ್ದು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಕಟುವಾದ ವರದಿಯನ್ನು ಕೊಟ್ಟು, ಘಟಕ ಮುಚ್ಚಿತು. ಪ್ರಶ್ನೆ ಕೇಳಿದ್ದು ಸರಿಯೇ. ನಮ್ಮ ನೆಲದಲ್ಲಿ ನಡೆಯುವ ಪ್ರಯೋಗದ ಪೂರ್ಣ ಅರಿವು ನಮಗಿರಬೇಕು. ವಿದೇಶೀ ಸಹಯೋಗದ ಆರೋಗ್ಯ ಸಂಶೋಧನೆಗಳನ್ನು ಪರಿಶೀಲಿಸಲು ಆರೋಗ್ಯ ಸಚಿವಾಲಯದ ಸಮಿತಿ ಇರುವುದೂ ಅದಕ್ಕಾಗಿಯೇ. ಆದರೆ ತಡೆಯುವ ಅಧಿಕಾರವನ್ನು ಬೆಳೆಸಿಕೊಂಡಷ್ಟು ಶ್ರದ್ಧೆಯಿಂದ ಕೊಡುವ ಸಾಮರ್ಥ್ಯವನ್ನು ನಾವು ಬೆಳೆಸಿಕೊಳ್ಳಲಿಲ್ಲ. ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶೀ ವಂತಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ನಗರದ ಸ್ವಯಂಸೇವಾ ಸಂಸ್ಥೆಯ ಮೂಲಕ ಹಳ್ಳಿಯ ಸಣ್ಣ ಸಂಸ್ಥೆಗೆ ಹಣ ಹರಿಯುತ್ತಿದ್ದ ಕಾಲುವೆ ಅಲ್ಲಿಗೆ ಮುಚ್ಚಿತು. 2025ರಲ್ಲಿ ಆಚೆಯ ದಡದವರು ತೂಬನ್ನೇ ಇಳಿಸಿದರು. ಈಚೆಗೂ ಆಚೆಗೂ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ನಮ್ಮದೇ ಕಣಜ.

ನಮ್ಮ ಕಣಜದ ಸ್ಥಿತಿ ಹೇಗಿದೆ? ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಸಲ್ಲುವ ಪಾಲು ಸುಮಾರು ಶೇಕಡಾ 0.64. 2023ರ ಕಾಯಿದೆಯಂತೆ ಸ್ಥಾಪನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಗುರಿಯಿದೆ. ಅದರ ಬಹುಪಾಲು ಸರ್ಕಾರೇತರ ಮೂಲಗಳಿಂದ ಬರಬೇಕು. ಇದು ಸ್ವಾಗತಾರ್ಹ. ಆದರೆ ನೀತಿ ಆಯೋಗದ 2025ರ ವರದಿ ಹೇಳುವಂತೆ ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಶೇಕಡಾ 80ರಷ್ಟು ಜನ ಇರುವುದು ರಾಜ್ಯಗಳ ವಿಶ್ವವಿದ್ಯಾನಿಲಯಗಳಲ್ಲಿ. ರೋಗಗಳು ಇರುವುದೂ ಅವುಗಳ ನೆರೆಯಲ್ಲೇ. ದೊಡ್ಡ ಪ್ರತಿಷ್ಠಾನದ ದೊಡ್ಡ ಅರ್ಜಿಯನ್ನು ತುಂಬಲು ಬೇಕಾದ ಪ್ರಾಥಮಿಕ ಫಲಿತಾಂಶವೇ ಇಲ್ಲದವರು ಆ ಬಾಗಿಲಿನವರೆಗೆ ಹೋಗುವುದು ಹೇಗೆ?

ಒಂದು ಉದಾಹರಣೆಯನ್ನು ನೋಡೋಣ. ಶಿವಮೊಗ್ಗ ಜಿಲ್ಲೆಯೊಂದರಲ್ಲೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ, ಸರ್ಕಾರಿ ವೈದ್ಯಕೀಯ ಕಾಲೇಜು, ಪಶುವೈದ್ಯಕೀಯ ಕಾಲೇಜು, ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾನಿಲಯ ಇವೆ. ಮಂಗನ ಕಾಯಿಲೆಯಲ್ಲಿ ಮನುಷ್ಯ, ಮಂಗ, ದನ, ಉಣುಗು, ಕಾಡು, ಅಡಿಕೆ ತೋಟ ಎಲ್ಲವೂ ಸೇರಿಕೊಂಡಿವೆ. ಪ್ರಶ್ನೆ ಒಂದೇ, ಅದನ್ನು ಕೇಳಬೇಕಾದವರು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಆಯವ್ಯಯ ಶೀರ್ಷಿಕೆಗಳ ಕೆಳಗೆ ಕುಳಿತಿದ್ದಾರೆ. ಇವರಲ್ಲಿ ಇಬ್ಬರು ಮೂವರು ಅಧ್ಯಾಪಕರು ಕೂಡಿ ಬಂದರೆ ಹತ್ತು ಲಕ್ಷ ರೂಪಾಯಿ, ಎರಡು ವರ್ಷದ ಅವಕಾಶ ಕೊಡುವ ಬೀಜನಿಧಿ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಇದ್ದರೆ ಸಾಕು, ಗೋಡೆಗಳು ತಾವಾಗಿಯೇ ತೆಳುವಾಗುತ್ತವೆ. ಜಾಗತಿಕ ಆರೋಗ್ಯವೆಂದರೆ ಪಶ್ಚಿಮದ ಕಡೆಗೇ ಮುಖ ಮಾಡಬೇಕಾದುದೂ ಇಲ್ಲ. ಕ್ಯಾಸನೂರು ವೈರಸ್ಸಿಗೆ ಅತಿ ಹತ್ತಿರದ ಸಂಬಂಧಿಯಾದ ಅಲ್‌ಖುರ್ಮಾ ವೈರಸ್ 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಕಂಡುಬಂದಿತು. ಓಮ್ಸ್ಕ್ ಜ್ವರದ ವೈರಸ್ ಸೈಬೀರಿಯದ್ದು. ಸೊರಬಕ್ಕೂ ಜೆಡ್ಡಾಕ್ಕೂ ಹೇಳಿಕೊಳ್ಳಲು ಸಮಾನವಾದ ಸುಖದುಃಖವಿದೆ. ಸಮಾನ ಕಷ್ಟವುಳ್ಳವರ ನಡುವಿನ ಸಹಯೋಗದಲ್ಲಿ ದಾನಿ ಮತ್ತು ಬೇಡುವವರ ಸಂಬಂಧ ಉಂಟಾಗುವುದಿಲ್ಲ.

ಇಂಥ ನಿಧಿಗೆ ಕೆಲವು ಷರತ್ತುಗಳಿರಬೇಕು. ಕನಿಷ್ಠ ಎರಡು ಸಂಸ್ಥೆಗಳು ಸೇರಿರಬೇಕು. ಪ್ರಶ್ನೆಯನ್ನು ರೂಪಿಸುವಾಗ ರೋಗವಿರುವ ಊರಿನ ವೈದ್ಯ ಅಥವಾ ಆಶಾ ಕಾರ್ಯಕರ್ತೆಯ ಮಾತು ಸೇರಿರಬೇಕು. ಅರ್ಜಿ ನಾಲ್ಕು ಪುಟ ಮೀರಬಾರದು. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು. ಹಣ ಮಾರ್ಚ್ 31ಕ್ಕೆ ರದ್ದಾಗಬಾರದು. ಕೊನೆಯಲ್ಲಿ ಊಹೆ ಸುಳ್ಳಾಯಿತೆಂದು ಪ್ರಾಮಾಣಿಕವಾಗಿ ಬರೆದ ವರದಿಯನ್ನು ಪೂರ್ಣ ಲೆಕ್ಕವೆಂದು ಒಪ್ಪಬೇಕು. ಸುಳ್ಳು ಬಿಲ್ಲನ್ನು ಮಾತ್ರ ಅಪರಾಧವೆಂದು ಎಣಿಸಬೇಕು. ಮಾದರಿಗಳ ಮೇಲಿನ, ಮಾಹಿತಿಯ ಮೇಲಿನ ಹಕ್ಕು ಸಹಯೋಗಿಗಳಿಗೆ ಸಮನಾಗಿರಬೇಕು. ರಕ್ತ ಕೊಟ್ಟ ಊರಿಗೆ ಫಲಿತಾಂಶವನ್ನು ಅವರ ಭಾಷೆಯಲ್ಲಿ ತಿಳಿಸಬೇಕು, ನಮ್ಮಲ್ಲಾದರೆ ಕನ್ನಡದಲ್ಲಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರೇ ಇಲ್ಲದಿರುವಾಗ ಸಂಶೋಧನೆಯ ಮಾತೇಕೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವೈದ್ಯರು ಬೇಕು, ಔಷಧಿ ಬೇಕು. ಆದರೆ 2022ರಲ್ಲಿ ಮಂಗನ ಕಾಯಿಲೆಯ ಲಸಿಕೆ ನಿಂತಾಗ ಆ ಆರೋಗ್ಯ ಕೇಂದ್ರದಲ್ಲಿ ವೈದ್ಯರಿದ್ದರೂ ಅವರು ಕೊಡಬಹುದಾದ ಲಸಿಕೆಯೇ ಇರಲಿಲ್ಲ. ಚಿಕಿತ್ಸೆಯ ಹಣವನ್ನು ಕಿತ್ತು ಸಂಶೋಧನೆಗೆ ಕೊಡಿರೆಂದು ಯಾರೂ ಕೇಳುತ್ತಿಲ್ಲ. ವಿಶ್ವವಿದ್ಯಾನಿಲಯವೊಂದರ ವಾರ್ಷಿಕ ಆಯವ್ಯಯದಲ್ಲಿ ಸಮಾರಂಭಗಳಿಗೆ ಸಲ್ಲುವ ಹಣದಲ್ಲಿ ಒಂದು ಪಾಲನ್ನು ಬಿತ್ತನೆಗೆ ಎತ್ತಿಡಿರೆಂಬುದಷ್ಟೇ ಕೋರಿಕೆ.

ಇನ್ನು ಹೊರನಾಡ ಕನ್ನಡಿಗರಾದ ನಮ್ಮ ಪಾತ್ರ. ಬೆಂಗಳೂರಿನ ವಿಜ್ಞಾನ ಮಂದಿರ 1909ರಲ್ಲಿ ರೂಪುಗೊಂಡದ್ದು ಮುಂಬಯಿಯ ಜಮ್‌ಶೆಟ್‌ಜಿ ಟಾಟಾ ಅವರ ದತ್ತಿಯಿಂದ ಮತ್ತು ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಿಂದ. ಮುಂಬಯಿಯ ಹಣ, ಮೈಸೂರಿನ ಮಣ್ಣು ಕೂಡಿದ ಆ ಬಿತ್ತನೆಯ ಫಸಲು ಇಂದಿಗೂ ಬರುತ್ತಿದೆ. ನಮ್ಮ ಸಂಘಗಳು ಟಾಟಾ ಅಲ್ಲ, ನಿಜ. ಆದರೆ ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ಸಂಘಗಳಿಗೆ ದತ್ತಿಯ ಅಭ್ಯಾಸ ಹೊಸದಲ್ಲ. ತವರಿನ ವಿಶ್ವವಿದ್ಯಾನಿಲಯಗಳಲ್ಲಿ ಹಿರಿಯರ ಹೆಸರಿನ ಚಿನ್ನದ ಪದಕಗಳನ್ನು, ದತ್ತಿ ಉಪನ್ಯಾಸಗಳನ್ನು ನಮ್ಮವರು ಸ್ಥಾಪಿಸಿದ್ದಾರೆ. ಪದಕ ಮುಗಿದ ಓದಿಗೆ ಸಲ್ಲುವ ಗೌರವ. ಆರಂಭವಾಗದ ಪ್ರಶ್ನೆಗೆ ಅದು ನೆರವಾಗದು. ಇಪ್ಪತ್ತೈದು ಲಕ್ಷ ರೂಪಾಯಿಗಳ ಒಂದು ಮೂಲನಿಧಿಯನ್ನು ಬ್ಯಾಂಕಿನಲ್ಲಿ ಇರಿಸಿದರೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಬಡ್ಡಿ ಬರುತ್ತದೆ. ಯುವ ಸಂಶೋಧಕಿಯೊಬ್ಬಳು ಒಂದು ಋತುವಿಡೀ ಕಾಡಂಚಿನ ಹಳ್ಳಿಗಳಲ್ಲಿ ಉಣುಗು ಸಂಗ್ರಹಿಸಿ, ಅವನ್ನು ಪುಣೆಯ ಪ್ರಯೋಗಾಲಯಕ್ಕೆ ಕಳುಹಿಸಿ, ತನ್ನ ಪ್ರಶ್ನೆಗೆ ಜೀವವಿದೆಯೇ ಇಲ್ಲವೇ ಎಂದು ತಿಳಿಯಲು ಅಷ್ಟು ಸಾಕು. ಇದು ಸ್ವದೇಶೀ ಹಣ. ಇದಕ್ಕೆ ವಿದೇಶೀ ವಂತಿಗೆ ಕಾಯಿದೆಯ ಅಡ್ಡಿಯಿಲ್ಲ, ವಾಷಿಂಗ್ಟನ್ನಿನ ಪ್ರಕಟಣೆಯ ಭಯವೂ ಇಲ್ಲ.

ಬರಲಿರುವ ವರ್ಷಗಳಲ್ಲಿ ಅನೇಕ ಸಂಘಗಳು ಅಮೃತ ಮಹೋತ್ಸವ, ಶತಮಾನೋತ್ಸವಗಳನ್ನು ಆಚರಿಸಲಿವೆ. ಸ್ಮರಣ ಸಂಚಿಕೆ ಬರಲಿ, ಸಭಾಭವನಕ್ಕೆ ಹೊಸ ಬಣ್ಣ ಬರಲಿ. ಜೊತೆಗೆ ಒಂದು ಬೀಜನಿಧಿಯ ಪ್ರಸ್ತಾಪವೂ ಕಾರ್ಯಕಾರಿ ಸಮಿತಿಯ ಮುಂದೆ ಬರಲಿ. ಅದರಿಂದ ನಾವು ಬದುಕಿರುವಾಗಲೇ ಒಂದು ಲಸಿಕೆ ಬರುತ್ತದೆಂದು ಭರವಸೆ ಕೊಡಲು ನನ್ನಿಂದ ಸಾಧ್ಯವಿಲ್ಲ. ದೆಹಲಿಯ ತಳಿಗೆ ಮೂವತ್ತು ವರ್ಷ ಬೇಕಾಯಿತು. ಬೆಂಗಳೂರಿನ ತಳಿ ಲಸಿಕೆಯಾಗಲೇ ಇಲ್ಲ. ಎರಡಕ್ಕೂ ಹಣ ಕೊಡುವ ಧೈರ್ಯ ಯಾರಿಗಿದೆಯೋ ಅವರ ಮಕ್ಕಳಿಗೆ ಮಾತ್ರ ಒಂದಾದರೂ ದಕ್ಕುತ್ತದೆ.